ನಮ್ಮ ಕಡಲ್ಗಳ್ಳರ ಹಡಗನ್ನು ತಿಂದ ಎಮ್ಮೆಯವರಿಗೆ

ಗಾಜುವಾಕ, ವಿಶಾಖಪಟ್ಟಣ
೧೭ ಏಪ್ರಿಲ್ ೨೦೧೬

ಶ್ರೀಮತಿ ಲಕ್ಷ್ಮಿಯವರಿಗೆ,
ಅನ್ನಪೂರ್ಣಮ್ಮನವರ ಕೊಟ್ಟಿಗೆ, ಎಡದಿಂದ ಎರಡನೆಯ ಗೂಟ.

ಸಕಲ ಗೌರವಗಳಿಗೂ ಪಾತ್ರರಾದ, ನಮ್ಮ ಓಣಿಯ ಅಗಲದ ಮುಕ್ಕಾಲು ಪಾಲನ್ನು ಹಗಲೆಲ್ಲ ತಮ್ಮ ಸ್ವಾಧೀನದಲ್ಲಿಟ್ಟುಕೊಂಡಿರುವ ಮಾನ್ಯರೇ,

ತಾವೂ ತಮ್ಮ ಕರುವೂ ಕ್ಷೇಮವಾಗಿದ್ದೀರೆಂದು, ಇಂದು ಬೆಳಿಗ್ಗೆ ನಮ್ಮ ಸ್ಕೂಟರಿಗೆ ಮೈಯುಜ್ಜುತ್ತ ನಿಂತಿದ್ದ ತಮ್ಮ ಠೀವಿಯಿಂದಲೇ ತಿಳಿದು ಸಂತೋಷವಾಯಿತು. ನಾವೂ ಒಂದು ಮಟ್ಟಿಗೆ ಕ್ಷೇಮ. ನನ್ನ ಪರಿಚಯ ತಮಗೆ ಇರಲಾರದು, ಏಕೆಂದರೆ ಹತ್ತು ತಿಂಗಳಿನಿಂದ ಪ್ರತಿದಿನ ತಮ್ಮನ್ನು ದಾಟಿಕೊಂಡು ಹೋಗಬೇಕಾದಾಗಲೆಲ್ಲ ನಾನು ಗೋಡೆಗೆ ಅಂಟಿಕೊಂಡು ಹೋಗುತ್ತೇನೆ, ತಾವು ಆ ಕಡೆ ನೋಡುವ ಕೃಪೆ ಮಾಡಿದ್ದಿಲ್ಲ. ಆದ್ದರಿಂದ ಹೇಳಿಕೊಳ್ಳುತ್ತೇನೆ: ನನ್ನ ಹೆಸರು ಸುಮಿತ್ರಾ, ಊರು ರಾಣೆಬೆನ್ನೂರು. ನನ್ನ ಯಜಮಾನರು ರಮಾಕಾಂತ, ಇಲ್ಲಿಯ ಬ್ಯಾಂಕಿನ ಶಾಖೆಯಲ್ಲಿ ಅಧಿಕಾರಿ. ಯಾವ ಅಹವಾಲೇ ಇರಲಿ ಬರೆದು ಕೊಡಬೇಕು, ಬಾಯಿಮಾತಿನಲ್ಲಿ ಹೇಳಿದ್ದು ದೂರು ಎನಿಸುವುದಿಲ್ಲ ಎಂದು ಇಪ್ಪತ್ತು ವರ್ಷಗಳಿಂದ ಜನರಿಗೆ ಹೇಳಿ ಹೇಳಿ, ಈಗ ಮನೆಯಲ್ಲಿ ನನಗೂ ಅದನ್ನೇ ಹೇಳುತ್ತಾರೆ. ಈ ಪತ್ರ ಹುಟ್ಟಿದ್ದು ಹಾಗೆ.

ವಿಷಯಕ್ಕೆ ಬರುತ್ತೇನೆ. ಕಳೆದ ಫೆಬ್ರವರಿ ಇಪ್ಪತ್ತೆಂಟರ ಭಾನುವಾರ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ತಾವು ನಮ್ಮ ಮನೆಯ ಗೇಟನ್ನು ಕೊಂಬಿನಿಂದ ತೆರೆದು ಒಳಬಂದು, ಅಂಗಳದಲ್ಲಿ ನಿಲ್ಲಿಸಿದ್ದ ಐದಡಿ ಉದ್ದದ ಕಡಲ್ಗಳ್ಳರ ಹಡಗೊಂದನ್ನು ಮೂತಿಯಿಂದ ಶುರುಮಾಡಿ ನಡುವಿನವರೆಗೆ ತಿಂದಿರಿ. ಇದನ್ನು ತಾವು ಅಲ್ಲಗಳೆಯುವಂತಿಲ್ಲ, ಏಕೆಂದರೆ ತಮ್ಮ ಮುಸುಡಿಗೆ ಮೆತ್ತಿದ್ದ ಕಂದು ಬಣ್ಣವನ್ನು ಮರುದಿನವೂ ಓಣಿಯವರೆಲ್ಲ ನೋಡಿದ್ದಾರೆ.

ಆ ಹಡಗು ಹೇಗಾಯಿತೆಂದು ತಿಂದವರಾದರೂ ತಿಳಿದಿರಬೇಕು. ನನ್ನ ಮಗಳು ಶ್ರೀರಕ್ಷಾಳ ಒಂಬತ್ತನೆಯ ಹುಟ್ಟುಹಬ್ಬಕ್ಕೆ ಕಡಲ್ಗಳ್ಳರ ಅಲಂಕಾರವೇ ಆಗಬೇಕೆಂದು ಅವಳೇ ಹೇಳಿದ್ದಳು. ಹುಡುಗಿಯರೆಲ್ಲ ರಾಜಕುಮಾರಿ ಅನ್ನುತ್ತಾರೆ, ನಿನಗೇಕೆ ಕಳ್ಳರ ಸಹವಾಸ ಎಂದು ಕೇಳಿದ್ದಕ್ಕೆ, ಕಡಲ್ಗಳ್ಳರು ಹೆಚ್ಚು ಮಾತಾಡಬೇಕಾಗಿಲ್ಲ, ಗುರ್ ಅಂದರೆ ಸಾಕು ಎಂದಳು. ನಾನು ನಕ್ಕೆ. ಅಡುಗೆಮನೆಗೆ ಹೋಗಿ ಪಾತ್ರೆ ಉಜ್ಜುತ್ತಿದ್ದಾಗ ಆ ಮಾತು ನಿಧಾನವಾಗಿ ಅರ್ಥವಾಗಿ, ನಗು ನಿಂತುಹೋಯಿತು.

ಮಾನ್ಯರೇ, ತಾವು ಹುಟ್ಟಿದ ಓಣಿಯಲ್ಲೇ ಬಾಳುತ್ತಿರುವವರು, ವರ್ಗಾವಣೆ ಎಂಬುದು ತಮಗೆ ಗೊತ್ತಿಲ್ಲ. ಸೇಲಂನಲ್ಲಿ ತಮಿಳು ಕಿವಿಗೆ ಹತ್ತುವಷ್ಟರಲ್ಲಿ ನಾಗಪುರದ ಆದೇಶ ಬಂತು. ನಾಗಪುರದಲ್ಲಿ ಹಿಂದಿ ನಾಲಿಗೆಗೆ ಬರುವಷ್ಟರಲ್ಲಿ ಇಲ್ಲಿಗೆ. ಮಗು ಪ್ರತಿ ಶಾಲೆಯಲ್ಲಿಯೂ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತಳು. ನಾಗಪುರದಲ್ಲಿ ಅವಳ ಎಂಟನೆಯ ಹುಟ್ಟುಹಬ್ಬಕ್ಕೆ ಹತ್ತು ಮಕ್ಕಳನ್ನು ಕರೆದಿದ್ದೆವು. ಏಳೂವರೆಯವರೆಗೆ ಕೇಕಿನ ಮುಂದೆ ಕಾದೆವು. ಕೊನೆಗೆ ಬಂದವರು ಮನೆಯ ಮಾಲೀಕರು, ಮತ್ತು ಅವರ ಸಕ್ಕರೆ ಕಾಯಿಲೆಯ ಹೆಂಡತಿ. ಮಕ್ಕಳಿಗೆಂದು ತಂದಿದ್ದ ಟೊಪ್ಪಿಗಳನ್ನೂ ತಟ್ಟೆಗಳನ್ನೂ ಎತ್ತಿಡುವಾಗ ಮಗಳು, ಮುಂದಿನ ವರ್ಷ ಬೇಡಮ್ಮ, ಎಂದಷ್ಟೇ ಹೇಳಿದ್ದಳು. ಈ ವರ್ಷ ತಾನಾಗಿ ಬೇಕೆಂದಳು. ಹನ್ನೊಂದು ಮಂದಿಗೆ ಆಮಂತ್ರಣ ಕೊಡುತ್ತೇನೆಂದಳು. ಇದು ನಮ್ಮ ಮನೆಯಲ್ಲಿ ಎಷ್ಟು ದೊಡ್ಡ ಸಂಗತಿಯೆಂದು ತಮ್ಮ ಹೊಟ್ಟೆಗೆ ತಿಳಿಯದಿದ್ದರೂ ಕಿವಿಗೆ ತಿಳಿಯಲಿ.

ಹಾಗಾಗಿ ನಾನು ಹನ್ನೆರಡು ದಿನ ಸೆರಗು ಸಿಕ್ಕಿಸಿ ನಿಂತೆ. ಅಂಗಡಿಯಿಂದ ತಂದ ಅಲಂಕಾರ ನನಗೆ ಸೇರುವುದಿಲ್ಲ. ಕಡಲ್ಗಳ್ಳರೂ ಅಂಗಡಿಗೆ ಹೋಗಿ ಕೊಂಡವರಲ್ಲವಷ್ಟೇ. ಸ್ಟೀಲ್ ಪ್ಲಾಂಟಿನ ರಸ್ತೆಯ ಪಕ್ಕದಲ್ಲಿರುವ ವೆಂಕಟರಮಣ ಅವರ ಗುಜರಿ ಅಂಗಡಿಗೆ ನಾನು ಹೋದಷ್ಟು ಸಲ ಸಿಂಹಾಚಲಕ್ಕೆ ಹೋಗಿದ್ದರೆ ಇಷ್ಟು ಹೊತ್ತಿಗೆ ಪುಣ್ಯ ಬರುತ್ತಿತ್ತು. ಅಲ್ಲಿ ಹುದ್‌ಹುದ್ ಚಂಡಮಾರುತ ಕಿತ್ತು ಹಾಕಿದ್ದ ಸಾಮಾನು ಇನ್ನೂ ರಾಶಿ ಬಿದ್ದಿತ್ತು. ಚಕ್ಕೆಯೆದ್ದ ಸೈಕಲ್ ಚಕ್ರವೊಂದು ಹಡಗಿನ ಚುಕ್ಕಾಣಿಯಾಯಿತು. ಬಂದರಿನ ಕಡೆಯಿಂದ ಬಂದ ಹರಿದ ಮೀನಿನ ಬಲೆಯನ್ನು ನಾಲ್ಕು ಸಲ ಸೋಪಿನಲ್ಲಿ ಒಗೆದರೂ ಬಂದರಿನ ನಾತ ಅದನ್ನು ಬಿಡಲಿಲ್ಲ, ಆದರೂ ಬಾಗಿಲಿಗೆ ಇಳಿಬಿಟ್ಟೆ. ಹಳೆಯ ಛತ್ರಿಯ ಕಪ್ಪು ಬಟ್ಟೆಯಲ್ಲಿ ಹನ್ನೆರಡು ಕಣ್ಣುಪಟ್ಟಿ ಹೊಲಿದೆ. ಕುಕ್ಕರಿನ ಸವೆದ ರಬ್ಬರ್ ಉಂಗುರಕ್ಕೆ ಅರಿಸಿನ ಬಣ್ಣ ಹಚ್ಚಿ ನಾಯಕನ ಕಿವಿಯ ರಿಂಗ್ ಮಾಡಿದೆ. ಸೋಡಾ ಬಾಟಲಿಯ ಮುಚ್ಚಳಗಳನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ ಚಿನ್ನದ ನಾಣ್ಯ, ಒಡೆದ ಬಳೆಯ ಚೂರು ರತ್ನ. ಬ್ಯಾಂಕಿನ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಚಹಾದ ಕಷಾಯ ಬಳಿದು, ಅಂಚನ್ನು ಗ್ಯಾಸಿನ ಮೇಲೆ ಸುಟ್ಟು, ನಿಧಿಯ ನಕ್ಷೆಯಂಥ ಆಮಂತ್ರಣ ಬರೆದೆವು. ಹಡಗಿನ ಹಾಯಿಗೆ ಒಂದು ಹಳೆಯ ಫ್ಲೆಕ್ಸ್ ಸಿಕ್ಕಿತು. ಅದರ ಬೆನ್ನಿಗೆ ಕಪ್ಪು ಬಳಿದು ತಲೆಬುರುಡೆ ಬರೆದೆ. ಆದರೆ ಗಾಳಿ ಬೀಸಿದಾಗೆಲ್ಲ ಹಾಯಿ ಮಗುಚಿಕೊಂಡು, ಯಾರೋ ವಾರ್ಡಿನ ಮುಖಂಡರು ಕೈಮುಗಿದು ಸಂಕ್ರಾಂತಿಯ ಶುಭಾಶಯ ಹೇಳುತ್ತಿದ್ದರು. ಅವರನ್ನು ತಾವು ಮುಟ್ಟಲಿಲ್ಲ. ತಮ್ಮ ಈ ರಾಜಕೀಯ ವಿವೇಕವನ್ನು ನಾನು ಮೆಚ್ಚಿಕೊಳ್ಳದೆ ಇರಲಾರೆ.

ಇನ್ನು ಹಡಗಿನ ಒಡಲು. ಇಲ್ಲಿ ತಪ್ಪು ನನ್ನದೂ ಇದೆಯೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕಳು ನಾನು. ನಮ್ಮ ಕಡೆ ಅಜ್ಜಿಯರು ಹಳೆಯ ಕಾಗದವನ್ನು ಎರಡು ದಿನ ನೆನೆಹಾಕಿ, ಒರಳಿನಲ್ಲಿ ಕುಟ್ಟಿ, ನೆನೆದ ಮೆಂತ್ಯದ ಜೊತೆ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಬಳಿದು ಒಣಗಿಸಿ ಬುಟ್ಟಿ ಮಾಡುತ್ತಿದ್ದರು. ಹಪ್ಪಳ, ಶ್ಯಾವಿಗೆ ಎಲ್ಲ ಅದರಲ್ಲೇ. ಮೆಂತ್ಯ ಅಂಟಿಗೆ ಅಂಟು, ಕಹಿಗೆ ಕಹಿ, ಇಲಿ ಮೂಸಿಯೂ ನೋಡುವುದಿಲ್ಲ ಎಂದು ನಮ್ಮಜ್ಜಿ ಹೆಮ್ಮೆಪಡುತ್ತಿದ್ದಳು. ನಾನು ಮೂರು ತಿಂಗಳ ತೆಲುಗು ದಿನಪತ್ರಿಕೆಗಳನ್ನು ಮೂರು ಸೇರು ಮೆಂತ್ಯದೊಂದಿಗೆ ಮಿಕ್ಸಿಯಲ್ಲಿ ರುಬ್ಬಿ, ಮಿಕ್ಸಿಯ ಒಂದು ಜಾರನ್ನು ಬಲಿಕೊಟ್ಟು, ರೈತುಬಜಾರಿನ ತರಕಾರಿಯವರು ಎಸೆದಿದ್ದ ಬಿದಿರಿನ ಬುಟ್ಟಿಗಳನ್ನು ಬಿಚ್ಚಿ ಕಟ್ಟಿದ ಹಂದರಕ್ಕೆ ಅದನ್ನು ಬಳಿದೆ. ಮಾಳಿಗೆಯ ಮೇಲೆ ಎಂಟು ದಿನ ಬಿಸಿಲಿಗೆ ಒಣಗಿ ಅದು ಮರದ ಹಾಗೆ ಗಟ್ಟಿಯಾಯಿತು. ಕಾವಿಮಣ್ಣು ಬಳಿದೆ. ನೋಡಿದವರು ಕೈ ತಟ್ಟಿ ಹೋದರು. ನಮ್ಮಜ್ಜಿ ಇಲಿಯ ವಿಷಯ ಹೇಳಿದ್ದಳೇ ಹೊರತು ಎಮ್ಮೆಯ ವಿಷಯ ಹೇಳಿರಲಿಲ್ಲ. ಅವಳ ಮನೆಯ ಎಮ್ಮೆಗಳನ್ನು ಕಟ್ಟಿಹಾಕುತ್ತಿದ್ದರು.

ಬಾಣಂತಿಯಾದ ಎಮ್ಮೆಗೆ ಹಾಲು ಹೆಚ್ಚಲೆಂದು ಮೆಂತ್ಯ ಬೇಯಿಸಿ ತಿನ್ನಿಸುತ್ತಾರೆಂದೂ, ತಾವು ಕರು ಹಾಕಿ ಮೂರು ತಿಂಗಳಾಗಿತ್ತೆಂದೂ, ಆ ಪಥ್ಯ ನಿಂತು ಹದಿನೈದು ದಿನವಾಗಿ ತಾವು ವ್ಯಥೆಯಲ್ಲಿದ್ದಿರೆಂದೂ ಆಮೇಲೆ ಅನ್ನಪೂರ್ಣಮ್ಮನವರಿಂದ ತಿಳಿಯಿತು. ಅಂದರೆ ನಾನು ತಮ್ಮ ಬಾಣಂತನದ ಲೇಹ್ಯವನ್ನು ಐದಡಿ ಉದ್ದಕ್ಕೆ ಎರಕಹೊಯ್ದು, ಬಣ್ಣ ಬಳಿದು, ಬಾವುಟ ನೆಟ್ಟು, ಗೇಟಿನೊಳಗೆ ಇಟ್ಟು ಕರೆದಂತಾಯಿತು. ತಮ್ಮ ಜಾಗದಲ್ಲಿ ನಾನಿದ್ದರೂ ಬಾವುಟವನ್ನು ಬಿಡುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಆದರೂ ಮಾನ್ಯರೇ, ಆ ಹೊತ್ತಿನಲ್ಲಿ ನನಗೆ ಈ ಔದಾರ್ಯ ಇರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ಹಡಗಿನ ಮೂತಿಯಿದ್ದಲ್ಲಿ ತಮ್ಮ ಮೂತಿಯಿತ್ತು. ಯಜಮಾನರು ಲುಂಗಿಯಲ್ಲಿ ಹೊರಗೋಡಿ, ತಮ್ಮ ಎದುರು ನಿಂತು, ಬ್ಯಾಂಕಿನಲ್ಲಿ ಕ್ಯೂ ತಪ್ಪಿಸಿ ಬಂದವರಿಗೆ ಹೇಳುವ ದನಿಯಲ್ಲಿ ದಯವಿಟ್ಟು ಹಿಂದೆ ಸರಿಯಬೇಕೆಂದು ಕೇಳಿಕೊಂಡರು. ತಾವು ಅವರನ್ನು ನೋಡುತ್ತ ನಿಧಾನವಾಗಿ ಅಗಿದಿರಿ. ನಾನು ಪೊರಕೆ ಹಿಡಿದುಕೊಂಡು ಬಂದೆ, ಆದರೆ ತಮ್ಮ ಹತ್ತಿರ ಬರುವ ಧೈರ್ಯವಾಗದೆ ಮೆಟ್ಟಿಲಲ್ಲೇ ನಿಂತು ನೆಲ ಗುಡಿಸುವಂತೆ ಆಡಿಸಿದೆ. ಹನ್ನೆರಡು ದಿನದ ಕೆಲಸ ಹೀಗೆ ಕರಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಗಳು ಬಂದು ನೋಡಿದರೆ ಮತ್ತೆ ಅದೇ ಮಾತು ಹೇಳುತ್ತಾಳೆ, ಬೇಡಮ್ಮ ಅನ್ನುತ್ತಾಳೆ, ಇನ್ನೆಂದೂ ಕೇಳುವುದಿಲ್ಲ ಎಂಬ ಹೆದರಿಕೆ ನನ್ನನ್ನು ತಿಂದಿತು.

ಮಗಳು ಬಂದಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ರಟ್ಟಿನ ಕತ್ತಿ ಹಿಡಿದು, ನನ್ನನ್ನೂ ಅವರಪ್ಪನನ್ನೂ ಪಕ್ಕಕ್ಕೆ ಸರಿಸಿ ನೇರವಾಗಿ ತಮ್ಮ ಮೂಗಿನ ಕೆಳಗೆ ಹೋಗಿ ನಿಂತಳು. ಆಮೇಲೆ ಅವಳ ಬಾಯಿಂದ ಹೊರಟಿದ್ದು ತೆಲುಗು. ಸಿಗ್ಗು ಲೇದಾ ನೀಕು, ನಾ ಪಡವ ತಿನೇಸ್ತಾವಾ ಎಂದು ಶುರುವಾಯಿತು. ನಾಚಿಕೆಯಿಲ್ಲವೇ ನಿನಗೆ, ನನ್ನ ದೋಣಿ ತಿಂದುಹಾಕುತ್ತೀಯಾ ಎಂಬಲ್ಲಿಯವರೆಗೆ ನನಗೂ ತಿಳಿಯಿತು. ಮುಂದಿನದು ಓಡುವ ತೆಲುಗು. ಆಮೇಲೆ ತಿಳಿದಂತೆ, ತಮ್ಮ ವಂಶ, ತಮ್ಮ ಹೊಟ್ಟೆ, ತಮ್ಮ ನಡತೆ ಒಂದನ್ನೂ ಬಿಡದೆ, ಸೊಂಟಕ್ಕೆ ಕೈಯಿಟ್ಟು, ಉಸಿರು ತೆಗೆದುಕೊಳ್ಳದೆ ಬೈದಳು. ಗಂಡನಿಗೆ ಹೆದರದ, ಅತ್ತೆಗೆ ಹೆದರದ ನಡುವಯಸ್ಸಿನ ಹೆಂಗಸೊಬ್ಬಳು ಒಂಬತ್ತು ವರ್ಷದ ಹುಡುಗಿಯೊಳಗೆ ಸೇರಿಕೊಂಡಂತಿತ್ತು. ತಾವು ಅಗಿಯುವುದನ್ನು ನಿಲ್ಲಿಸಿ ಕಿವಿ ಅಲುಗಿಸಿದಿರಿ, ಕಣ್ಣು ಕೆಳಗೆ ಹಾಕಿದಿರಿ. ಈ ಓಣಿಯಲ್ಲಿ ಯಾರ ಮಾತಿಗೂ ತಾವು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿಲ್ಲ.

ಅದೇ ಹೊತ್ತಿಗೆ ಗೇಟಿನಲ್ಲಿ ಏಳು ಮಕ್ಕಳು ನಿಂತಿದ್ದರು. ಐದಕ್ಕೆ ಬನ್ನಿ ಎಂದರೆ ನಾಲ್ಕಕ್ಕೇ ಬಂದಿದ್ದರು. ಮುಂದೆ ನಿಂತಿದ್ದವಳು ಅವಳ ತರಗತಿಯ ರಾಜ್ಯಶ್ರೀ. ಎಂಟು ತಿಂಗಳು ಒಂದೇ ಬೆಂಚಿನಲ್ಲಿ ಕೂತರೂ ನನ್ನ ಮಗಳ ದನಿ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಈ ಹುಡುಗಿಗೆ ಮಾತು ಬರುವುದಿಲ್ಲವೆಂದೇ ತರಗತಿಯಲ್ಲಿ ತಿಳಿದಿದ್ದರಂತೆ. ಏಳೂ ಮಕ್ಕಳು ಉಡುಗೊರೆಯ ಪೊಟ್ಟಣ ಹಿಡಿದುಕೊಂಡು ಬಾಯಿ ತೆರೆದು ಕೇಳಿದರು. ಆಮೇಲೆ ರಾಜ್ಯಶ್ರೀ ನಕ್ಕಳು, ಪೊಟ್ಟಣವನ್ನು ನನ್ನ ಕೈಗೆ ತುರುಕಿದಳು, ಓಡಿ ಹೋಗಿ ತಮ್ಮ ಹಗ್ಗ ಹಿಡಿದಳು. ಉಳಿದವರು ಹಿಂದಿನಿಂದ ನೂಕಿದರು. ತಾವು ಇನ್ನೆರಡು ಬಾಯಿ ತಿಂದು, ತಮಗೆ ತೋಚಿದಾಗ, ತಮ್ಮ ಪಾಡಿಗೆ ತಾವು ಹೋದಿರಿ. ಹನ್ನೊಂದು ಮಂದಿಯೂ ಬಂದರು. ಗುರ್ ಎಂದು ಯಾರೂ ಅನ್ನಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಆ ಸಂಜೆಯೆಲ್ಲ ನನ್ನ ಮಗಳು ಮಾತಾಡಿದಳು. ಮಧ್ಯದಲ್ಲೊಮ್ಮೆ ಎಲ್ಲರನ್ನೂ ಕರೆದುಕೊಂಡು ತಮ್ಮ ಕೊಟ್ಟಿಗೆಗೆ ಹೋಗಿ, ಹೊಟ್ಟೆನೋವೇನೂ ಬಂದಿಲ್ಲವಷ್ಟೇ ಎಂದು ನೋಡಿಕೊಂಡೂ ಬಂದಳು.

ನಾನು ಬಾಳೆಲೆಯ ಚೂರಿನಲ್ಲಿ ಉಪ್ಪಿಟ್ಟು ಹಾಕುತ್ತ ಅತ್ತೆ. ಸಂತೋಷಕ್ಕೇ ಅತ್ತೆ ಎಂದು ಯಜಮಾನರಿಗೆ ಹೇಳಿದೆ. ತಮ್ಮ ಹತ್ತಿರ ಸುಳ್ಳೇಕೆ, ಅರ್ಧ ಹೊಟ್ಟೆಕಿಚ್ಚಿಗೆ. ಮಗಳಿಗೆ ಸಿಟ್ಟು ಬಂದಾಗ ಬಾಯಿಗೆ ಬಂದದ್ದು ನನ್ನ ಭಾಷೆಯಲ್ಲ. ನನ್ನ ಹತ್ತಿರ ಅವಳು ಕನ್ನಡದಲ್ಲಿ ಹಾಲು, ನೀರು, ಚಪಾತಿ, ಹೋಂವರ್ಕ್ ಇಷ್ಟನ್ನೇ ಮಾತಾಡುತ್ತಾಳೆ. ಮನಸ್ಸಿನದೆಲ್ಲ ಎಲ್ಲಿ ಹೋಗುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ.

ಅದು ಎಲ್ಲಿ ಹೋಗುತ್ತದೆಂದು ಮರುದಿನ ಗೊತ್ತಾಯಿತು. ದೂರು ಹೇಳಲೆಂದು ನಾನೇ ಅನ್ನಪೂರ್ಣಮ್ಮನವರ ಬಳಿಗೆ ಹೋದೆ. ನನ್ನ ತೆಲುಗಿನಲ್ಲಿ ಇರುವುದು ಹದಿನೈದು ಮಾತು, ಅದರಲ್ಲಿ ಎಂಟು ತರಕಾರಿಗಳು. ಅವರು ಪಾಪ, ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಕೈಸನ್ನೆ ಮಾಡಿ ಮಾಡಿ ನನಗೆ ತಿಳಿಯುವವರೆಗೆ ಹೇಳಿದರು. ದಿನಾ ಬೆಳಿಗ್ಗೆ ಹಾಲಿಗೆ ಬರುವ ನನ್ನ ಮಗಳು ಚೆಂಬನ್ನು ಕಟ್ಟೆಯ ಮೇಲಿಟ್ಟು ತಮ್ಮ ಮುಂದೆ ನಿಲ್ಲುತ್ತಾಳಂತೆ. ನಿಂತು ಶಾಲೆಯದನ್ನೆಲ್ಲ ಹೇಳುತ್ತಾಳಂತೆ. ಮೊದಲ ತಿಂಗಳು ಬರೀ ಕನ್ನಡ. ಆಮೇಲೆ ಕನ್ನಡಕ್ಕೆ ಒಂದೊಂದೇ ತೆಲುಗು ಮಾತು. ದಸರೆಯ ಹೊತ್ತಿಗೆ ಪೂರಾ ತೆಲುಗು. ತಪ್ಪು ಮಾತಾಡಿದರೆ, ತಮ್ಮ ಹಿಂದೆ ಕೂತು ಹಾಲು ಕರೆಯುತ್ತಿದ್ದ ಅನ್ನಪೂರ್ಣಮ್ಮ ಮುಖ ತೋರಿಸದೆ ಅಲ್ಲಿಂದಲೇ ತಿದ್ದುತ್ತಿದ್ದರಂತೆ. ತಿದ್ದಿದ್ದು ತಾವೇ ಎಂಬಂತೆ ಅವಳು ತಮ್ಮ ಹಣೆ ನೋಡಿ ಸರಿಯಾಗಿ ಹೇಳುತ್ತಿದ್ದಳಂತೆ. ಬೈಗುಳಗಳು ಯಾರವೆಂದು ಕೇಳಿದ್ದಕ್ಕೆ ಅನ್ನಪೂರ್ಣಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಅವು ಅವರು ತಮಗೆ ದಿನಾ ಕೊಡುವ ಆಶೀರ್ವಾದಗಳೇ. ಮನೆಯಲ್ಲಿ ನಾನೋ, ಅರ್ಧ ಲೀಟರ್ ಹಾಲಿಗೆ ಅರ್ಧ ಗಂಟೆ ಬೇಕೇನೇ ಎಂದು ಅಲ್ಲಿಯವರೆಗೆ ಎಂಟು ತಿಂಗಳು ಅವಳನ್ನು ಗದರಿಸಿದ್ದೆ.

ಇಷ್ಟು ಹೇಳಿ ಅವರು ಒಳಗೆ ಹೋಗಿ ಒಂದು ಕಾಗದ ತಂದು ಕೊಟ್ಟರು. ಚಹಾ ಬಳಿದ, ಅಂಚು ಸುಟ್ಟ ನಮ್ಮದೇ ಆಮಂತ್ರಣ. ಶನಿವಾರ ಬೆಳಿಗ್ಗೆ ಮಗಳು ಅದನ್ನು ತಮಗೆ ಓದಿ ಹೇಳಿ, ಮೂಸಲು ಕೊಟ್ಟು, ಗೂಟಕ್ಕೆ ಸಿಕ್ಕಿಸಿ ಹೋಗಿದ್ದಳು. ಮೇಲೆ ಅವಳ ಕೈಬರಹದಲ್ಲಿ ತಮ್ಮ ಹೆಸರಿತ್ತು. ತರಗತಿಯಲ್ಲಿ ಹಂಚಿದ ಹನ್ನೊಂದಕ್ಕೂ ಮೊದಲು ಬರೆದದ್ದು ಅದು. ಮೂಲೆಯಲ್ಲಿ ಒಂದು ಎಂದು ಅಂಕಿ ಹಾಕಿದ್ದಳು. ಅಂದರೆ ತಾವು ಅತಿಕ್ರಮಣ ಮಾಡಿದವರಲ್ಲ. ಕರೆಸಿಕೊಂಡು ಬಂದವರು. ನನ್ನ ದೂರಿನ ಬುಡವೇ ಅಲ್ಲಿ ಕಳಚಿಬಿತ್ತು, ಮಜ್ಜಿಗೆ ಕುಡಿದು ಮನೆಗೆ ಬಂದೆ.

ಹಾಗಿದ್ದರೆ ಈಗ, ಏಳು ವಾರ ಕಳೆದ ಮೇಲೆ, ಈ ಪತ್ರವೇಕೆ ಎಂದು ತಾವು ಕೇಳಬಹುದು. ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಗಿದೆ, ಆಟೋನಗರ್ ಶಾಖೆಗೆ. ಜೂನ್ ಒಂದಕ್ಕೆ ಹಾಜರಾಗಬೇಕು. ಮಗಳಿಗೆ ಹೇಳಿದೆವು. ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಸ ಮನೆಯ ಹತ್ತಿರ ಕೊಟ್ಟಿಗೆ ಇದೆಯಾ ಎಂದು ಮಾತ್ರ ಕೇಳಿದಳು. ಹಾಗಾಗಿ ಇದುವರೆಗೆ ಮನೆ ನೋಡುವಾಗ ನೀರು, ಬಾಡಿಗೆ, ಶಾಲೆಯ ದೂರ ಕೇಳುತ್ತಿದ್ದ ಯಜಮಾನರು ಕಳೆದ ವಾರ ವಿಜಯವಾಡದಲ್ಲಿ ಎಮ್ಮೆ ಹುಡುಕಿಕೊಂಡು ತಿರುಗಿದರು. ಅಲ್ಲಿ ಎತ್ತ ನೋಡಿದರೂ ಬಾನೆಟ್ ಎತ್ತಿದ ಲಾರಿಗಳೇ ಇವೆಯಂತೆ. ಎರಡನೆಯ ದಿನ, ಟೈರುಗಳ ರಾಶಿಯ ಪಕ್ಕ ತಮ್ಮ ಕುಲದವರೊಬ್ಬರು ಕಂಡರಂತೆ. ಅವರ ಸ್ವಭಾವ ಹೇಗೆ, ಮಕ್ಕಳ ಮಾತು ಕೇಳಿಸಿಕೊಳ್ಳುತ್ತಾರೆಯೇ ಎಂದು ಯಜಮಾನರು ವಿಚಾರಿಸಿದ್ದಕ್ಕೆ, ಬ್ಯಾಂಕಿನವರು ಎಮ್ಮೆ ಜಪ್ತಿಗೆ ಬಂದಿದ್ದಾರೆಂದು ಮಾಲೀಕರು ಅದನ್ನು ಅಲ್ಲಿಂದ ಹೊಡೆದುಕೊಂಡೇ ಹೋದರಂತೆ.

ಆದ್ದರಿಂದ ನನ್ನ ನಷ್ಟಕ್ಕೆ ಪರಿಹಾರವಾಗಿ ತಮ್ಮಲ್ಲಿ ಕೆಲವು ಕೋರಿಕೆಗಳು. ತಿಂದ ಹಡಗನ್ನು ಹಿಂತಿರುಗಿಸಬೇಕೆಂದು ನಾನು ಕೇಳುವುದಿಲ್ಲ, ಮರುದಿನ ನಮ್ಮ ಗೇಟಿನ ಮುಂದೆ ಅದರ ಬಹುಪಾಲನ್ನು ತಾವು ಹಿಂತಿರುಗಿಸಿದ್ದೀರಿ. ವಿಜಯವಾಡದಲ್ಲಿ ತಮ್ಮ ಚಿಕ್ಕಮ್ಮ, ಅತ್ತಿಗೆ, ದೂರದ ನೆಂಟರು ಯಾರಾದರೂ ಇದ್ದರೆ, ಇಂಥ ಹುಡುಗಿಯೊಬ್ಬಳು ಬರುತ್ತಾಳೆ, ಮೊದಲು ಸುಮ್ಮನಿರುತ್ತಾಳೆ, ಅವಸರ ಮಾಡಬೇಡಿ ಎಂದು ಒಂದು ಮಾತು ಮುಟ್ಟಿಸಬೇಕು. ಅಷ್ಟು ಆಗದಿದ್ದರೆ ತಾವೇ ಒಂದು ತಿಂಗಳ ಮಟ್ಟಿಗೆ ಡೆಪ್ಯುಟೇಶನ್ ಮೇಲೆ ಬರಬೇಕು. ಲಾರಿಯಲ್ಲಿ ಬೀರುವಿನ ಪಕ್ಕ ಜಾಗ ಮಾಡುತ್ತೇನೆ, ದಾರಿಗೆ ಮೆಂತ್ಯ ಕಟ್ಟಿಕೊಡುತ್ತೇನೆ. ಅದೂ ಆಗದಿದ್ದರೆ, ಎದುರಿಗಿರುವವರು ಹೇಳುವುದನ್ನು ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ, ನಗದೆ, ಗಡಿಯಾರ ನೋಡದೆ ಅರ್ಧ ಗಂಟೆ ಕೇಳಿಸಿಕೊಳ್ಳುವುದು ಹೇಗೆಂದು ನನಗಾದರೂ ಕಲಿಸಿಕೊಡಬೇಕು. ಇನ್ನು ಆರು ವಾರ ಇದೆ. ನಾಳೆಯಿಂದ ಹಾಲಿಗೆ ಅವಳ ಜೊತೆ ನಾನೂ ಬರುತ್ತೇನೆ, ಸ್ವಲ್ಪ ಹಿಂದೆ ನಿಲ್ಲುತ್ತೇನೆ. ದಯವಿಟ್ಟು ಒದೆಯಬೇಡಿ.

ಇಂತಿ, ತಮ್ಮ ದಿನವಹಿ ಅರ್ಧ ಲೀಟರಿನ ವಿಶ್ವಾಸಿ,
ಸುಮಿತ್ರಾ ರಮಾಕಾಂತ

ಮರೆತ ಮಾತು: ತಮಗೆ ಕನ್ನಡ ಬಾರದೆಂದು, ಈ ಪತ್ರವನ್ನು ತೆಲುಗಿಗೆ ತಿರುಗಿಸಿ ಓದಿ ಹೇಳಲು ಮಗಳು ಒಪ್ಪಿದ್ದಾಳೆ. ಈಗಷ್ಟೇ ಒಂದು ಸಲ ನನ್ನ ಮುಂದೆ ಓದಿ ಅಭ್ಯಾಸ ಮಾಡಿದಳು. ನಾಲ್ಕು ಪುಟದ ದೂರು ಅವಳ ತೆಲುಗಿನಲ್ಲಿ ನಾಲ್ಕೇ ಸಾಲಾಯಿತು, ಅದರಲ್ಲಿ ದೂರೇ ಇರಲಿಲ್ಲ. ಏನೆಂದು ಓದಿದೆ ಎಂದು ಕೇಳಿದರೆ, ಅಮ್ಮ ನಿನಗೆ ಥ್ಯಾಂಕ್ಸ್ ಹೇಳಿದ್ದಾಳೆ ಅಂತ, ಎಂದಳು. ನಾನು ಅಂಥ ಮಾತು ಎಲ್ಲಿಯೂ ಬರೆದಿಲ್ಲ. ಆದರೂ ಅವಳು ಓದಿದ್ದನ್ನೇ ಸರಿಯಾದ ಪ್ರತಿಯೆಂದು ಇಟ್ಟುಕೊಳ್ಳಬೇಕಾಗಿ ವಿನಂತಿ.